ನೀಲಪ್ಪನ ಆಂಪ್ಲಿಫೈಯರಿಗೆ ಜವಾರಿ ಇರಲಿಲ್ಲ

ತನ್ನ ಕೈಯಾರೆ ಮಾಡಿದ ವಸ್ತುವನ್ನು ಹೊಗಳಿದರೆ ಮುಖ ಸಣ್ಣದು ಮಾಡಿಕೊಳ್ಳುವ ಮನುಷ್ಯನನ್ನು ನನ್ನ ಜೀವಮಾನದಲ್ಲಿ ನಾನು ಕಂಡದ್ದು ಒಬ್ಬನನ್ನೇ. ಅವನು ನೀಲಪ್ಪ. ಹುಬ್ಬಳ್ಳಿ ತಾಲೂಕಿನ ಸುಳ್ಳ ಎಂಬ ಊರಿನವನು. ಆ ಊರಿನ ಹೆಸರು ಹಿಡಿದು ಆಫೀಸಿನಲ್ಲಿ ನಾವೆಲ್ಲ ಅವನನ್ನು ಸಾಕಷ್ಟು ಕಾಡಿದ್ದೇವೆ. "ಸುಳ್ಳದಾಂವ ಬಂದ ನೋಡ್ರಿ" ಎಂದರೆ ಅವನೂ ನಗುತ್ತಿದ್ದ. ಆದರೆ ಅಂಥ ಖರೇ ಮನುಷ್ಯ ನಮ್ಮ ಆಫೀಸಿನಲ್ಲಿ ಇನ್ನೊಬ್ಬನಿರಲಿಲ್ಲ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಮೀಸೆ ಮೂಡುವ ಹೊತ್ತಿಗೆ ಅವನು ಫೌಜಿಗೆ ಸೇರಿದ್ದ. ಸಿಗ್ನಲ್ ದಳದಲ್ಲಿ ವಾಯರ್‌ಲೆಸ್ ಸೆಟ್ಟುಗಳನ್ನು ಬಿಚ್ಚುತ್ತ, ಜೋಡಿಸುತ್ತ ಹನ್ನೆರಡು ವರ್ಷ ಕಳೆದ. ೧೯೫೮ರಲ್ಲಿ ಹುಬ್ಬಳ್ಳಿಗೆ ಬಂದು ತಾರು ಇಲಾಖೆಯಲ್ಲಿ ಮೆಕ್ಯಾನಿಕ್ ಆದ. ಆಗ ನಾನು ಅಲ್ಲಿ ಹೆಡ್ ಕ್ಲಾರ್ಕ್. ಈ ಅರ್ಜುನಪ್ಪನ ಸಹಿ ಬೀಳದೆ ಯಾವ ಕಾಗದವೂ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವುದಿಲ್ಲ ಎಂಬ ಜಂಬ ನನಗಿತ್ತು. ನೀಲಪ್ಪ ಮಾತ್ರ ಆ ಜಂಬವನ್ನು ಕಂಡೂ ಕಾಣದಂತೆ ಇರುತ್ತಿದ್ದ. ಅದಕ್ಕೇ ಇರಬೇಕು, ಮೊದಮೊದಲು ಅವನನ್ನು ಕಂಡರೆ ನನಗೆ ಅಷ್ಟಕ್ಕಷ್ಟೆ.

ಅವನಿಗೊಂದು ಹುಚ್ಚು. ಹಳೇ ಹುಬ್ಬಳ್ಳಿಯ ಬಾಡಿಗೆ ಮನೆಯ ಹಿಂದಿನ ಕೋಣೆಯಲ್ಲಿ ಕುಳಿತು ಆಂಪ್ಲಿಫೈಯರ್ ಕಟ್ಟುತ್ತಿದ್ದ. ಮದುವೆ ಚಪ್ಪರಕ್ಕೆ ಬಾಡಿಗೆಗೆ ಕೊಡುವ ಅರಚುವ ಡಬ್ಬಿಗಳಲ್ಲ. ಮನೆಯಲ್ಲಿ ಗ್ರಾಮೊಫೋನಿಗೆ ಜೋಡಿಸಿ, ಎದುರಿಗೆ ಗವಾಯಿ ಬಂದು ಕೂತಿದ್ದಾನೆ ಎನ್ನುವಂತೆ ಹಾಡು ಕೇಳುವ ಯಂತ್ರ. ಬೋಳು ತಟ್ಟೆಯ ಮೇಲೆ ಗಾಜಿನ ವಾಲ್ವುಗಳ ಸಾಲು, ಹಿಂದೆ ಕೈ ಸುಡುವ ಟ್ರಾನ್ಸ್‌ಫಾರ್ಮರ್, ಸುತ್ತ ಗೌಸಮೊದ್ದೀನ ಎಂಬ ಬಡಿಗ ಮಾಡಿಕೊಡುತ್ತಿದ್ದ ಮರದ ಪೆಟ್ಟಿಗೆ. ಸಾಮಾನು ಮುಂಬೈಯಿಂದ ಬರಬೇಕು. ಒಂದು ಸೆಟ್ ಮುಗಿಯಲು ನಾಲ್ಕೈದು ತಿಂಗಳು ಹಿಡಿಯುತ್ತಿತ್ತು. ನಮ್ಮಂಥವರು ಅದರ ಕನಸನ್ನೂ ಕಾಣುವಂತಿರಲಿಲ್ಲ. ಹುಬ್ಬಳ್ಳಿಯ ಅರಳೆ ವ್ಯಾಪಾರಸ್ಥರು, ಧಾರವಾಡದಲ್ಲಿ ಮನೆ ಮಾಡಿದ್ದ ಜಮೀನುದಾರರು, ಅಂಥವರೇ ಮಾಡಿಸುತ್ತಿದ್ದರು. ಸಂಗೀತದ ಹುಚ್ಚಿನಲ್ಲಿ ನಮ್ಮ ಸೀಮೆಯ ಸಾಹುಕಾರರು ಯಾರಿಗೂ ಕಡಿಮೆ ಇರಲಿಲ್ಲ.

ಸೆಟ್ ಕೊಟ್ಟು ಸರಿಯಾಗಿ ಒಂದು ತಿಂಗಳಿಗೆ ನೀಲಪ್ಪ ಆ ಮನೆಗೆ ಹೋಗುತ್ತಿದ್ದ. ಹೋದವನು "ಹೆಂಗೈತ್ರಿ?" ಎಂದು ಕೇಳುತ್ತಿರಲಿಲ್ಲ. "ಏನ ಕಮ್ಮಿ ಐತ್ರಿ?" ಎಂದು ಕೇಳುತ್ತಿದ್ದ.

"ಹೆಂಗೈತಿ ಅಂದ್ರ ಛಲೋ ಐತಿ ಅಂತಾರ್ರಿ ಸಾಹೇಬ್ರ. ನಮ್ಮ ಮಂದಿ ಮಾರಿ ಮುಂದ ಕೆಟ್ಟ ಅನ್ನೂದಿಲ್ಲ. ಕಮ್ಮಿ ಏನೈತಿ ಅಂತ ಕೇಳಿದ್ರ ಅಷ್ಟ ಬಾಯಿ ಬಿಡ್ತಾರ," ಎಂದು ನನಗೆ ಒಮ್ಮೆ ಹೇಳಿದ್ದ.

ಆ ಮಾಲಕರ ಅಭಿಪ್ರಾಯಗಳನ್ನು ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. ಅರಳೆ ವ್ಯಾಪಾರದ ದ್ಯಾಮಣ್ಣ ತನ್ನ ಸೆಟ್ಟಿನ ಬಗ್ಗೆ ಹೇಳಿದ್ದು ಇಷ್ಟು: "ಎತ್ತಿ ಇಡಾಕ ನಾಕ ಮಂದಿ ಬೇಕಾತು ನೋಡು. ಅಷ್ಟ ವಜ್ಜಿ ಐತಿ ಅಂದಮ್ಯಾಲ ಮಾಲ ಪಕ್ಕಾ ಇರಬೇಕು." ಅವನು ಹುಟ್ಟಿದಾರಭ್ಯ ಎಲ್ಲವನ್ನೂ ತೂಕದಿಂದಲೇ ಅಳೆದವನು, ರಾಗವನ್ನೇಕೆ ಬಿಟ್ಟಾನು? ಅಮ್ಮಿನಬಾವಿಯ ಜಮೀನುದಾರ ಮಹಾಂತಯ್ಯನವರದು ಇನ್ನೊಂದು ತಕರಾರು: "ಎಲ್ಲಾ ಬರೋಬ್ಬರಿ ಐತಿ. ಆದ್ರ ಹಾಡಿನ ಪ್ಲೇಟಿನ ಮ್ಯಾಲಿನ ಕರಕರ ಭಾಳ ಕೇಳತೈತಿ. ಹಾಡ ಕೇಳಾಕತ್ತೇನೋ, ಹಪ್ಪಳ ತಿನ್ನಾಕತ್ತೇನೋ ತಿಳೀವಲ್ದು." ನೀಲಪ್ಪ ಇದನ್ನು ನಗೆಮಾತೆಂದು ಬಿಡಲಿಲ್ಲ. ಒಂದು ಕಂಡೆನ್ಸರ್ ಹಾಕಿ ಕರಕರ ಅಡಗಿಸಿದ. ಮಹಾಂತಯ್ಯ ಖುಷಿಯಾದರು. ಅಂದಿನಿಂದ ಮುಂದಿನ ಎಲ್ಲ ಸೆಟ್ಟಿಗೂ ಆ ಕಂಡೆನ್ಸರ್ ಕಾಯಂ ಆಯಿತು.

ಇಷ್ಟು ಕೇಳಿ ಯಾರಿಗಾದರೂ ಒಂದು ಪ್ರಶ್ನೆ ಬರಬೇಕು. ಕಟ್ಟಿದವನಿಗೆ ಕಿವಿ ಇಲ್ಲವೇ, ಅವರಿವರನ್ನು ಯಾಕೆ ಕೇಳಬೇಕು? ಉತ್ತರ ಹೇಳಲು ನನಗೆ ಈಗಲೂ ನಾಚಿಕೆಯಾಗುತ್ತದೆ. ನೀಲಪ್ಪ ಊರ ಹೊರಗಿನ ಕೇರಿಯಲ್ಲಿ ಹುಟ್ಟಿದವನು. ಆ ದೊಡ್ಡ ಮನೆಗಳಲ್ಲಿ ಅವನಿಗೆ ಬಾಗಿಲ ಹೊರಗಿನ ಕಟ್ಟೆಯವರೆಗೆ ಮಾತ್ರ ದಾರಿ. ಗೌಸಮೊದ್ದೀನ ಪೆಟ್ಟಿಗೆಯನ್ನು ಒಳಗೆ ಒಯ್ದು ಇಡುತ್ತಿದ್ದ. ಯಾವ ವಾಯರು ಎಲ್ಲಿಗೆ ಎಂಬುದನ್ನು ನೀಲಪ್ಪ ಕಿಟಕಿಯಿಂದ ಕೂಗಿ ಹೇಳುತ್ತಿದ್ದ. ಸರ್ಕಾರಿ ನೌಕರ, ಫೌಜಿಯವನು ಎಂದು ಚಹಾ ಕೊಡುತ್ತಿದ್ದರು. ಮಾತೂ ಮರ್ಯಾದೆಯಿಂದಲೇ ಇರುತ್ತಿತ್ತು. ಕಪ್ಪು ಮಾತ್ರ ಬೇರೆ. ಹಾಡು ಹಚ್ಚಿದಾಗ ಅವನು ಗೋಡೆಯ ಈಚೆ ಕುಳಿತು ಕೇಳುತ್ತಿದ್ದ. ಅವನ ಕೋಣೆಯಲ್ಲೋ ಗ್ರಾಮೊಫೋನೇ ಇರಲಿಲ್ಲ, ಆಫೀಸಿನ ಮೀಟರು ಹಚ್ಚಿ ನೋಡುತ್ತಿದ್ದ, ಅಷ್ಟೆ. ತಾನು ಕಟ್ಟಿದ ಯಂತ್ರ ಒಳಗೆ ಹೇಗೆ ಹಾಡುತ್ತದೆ ಎಂದು ತಿಳಿಯಲು ಅವನಿಗೆ ಬೇರೆಯವರ ಬಾಯಿಯೇ ಗತಿ. ಇದನ್ನು ನಾನು ವರ್ಷಗಟ್ಟಲೆ ನೋಡಿದೆ, ಒಮ್ಮೆಯೂ ಅದರ ಬಗ್ಗೆ ಯೋಚಿಸಲಿಲ್ಲ.

೧೯೬೩ರ ಜೂನಿನಲ್ಲಿ ಅವನು ನನ್ನ ಮೇಜಿನ ಮುಂದೆ ಬಂದು ನಿಂತ. ಒಂದು ವರ್ಷ ಸಂಬಳವಿಲ್ಲದ ರಜೆ ಬೇಕು.

"ತಲಿ ಕೆಟ್ಟೈತೇನು? ಎರಡು ಹೆಣ್ಣುಮಕ್ಕಳ ತಂದಿ ನೀ. ಇಂಥಾ ನೌಕರಿ ಸಿಗಲಿಲ್ಲಂತ ಮಂದಿ ಬಾಯಿ ಬಾಯಿ ಬಡಕೊಳ್ಳಾಕತ್ತಾರ," ಎಂದೆ.

ಕಾರಣ ಧಾರವಾಡದ ಶರಣವ್ವನವರು. ಮುರುಘಾಮಠದ ಹತ್ತಿರ ಅವರ ಮನೆ. ಗಂಡ ಗುರುಶಿದ್ದಪ್ಪನವರು ಕಾಳುಕಡಿಯ ದೊಡ್ಡ ವ್ಯಾಪಾರಿಯಾಗಿದ್ದರು. ಅವರು ತೀರಿಕೊಳ್ಳುವ ಮೊದಲು ಹೆಂಡತಿಗಾಗಿ ಹಡಗಿನಲ್ಲಿ ಒಂದು ವಿಲಾಯತಿ ಆಂಪ್ಲಿಫೈಯರ್ ತರಿಸಿದ್ದರು. ಆ ದುಡ್ಡಿಗೆ ಧಾರವಾಡದಲ್ಲಿ ಒಂದು ಮನೆ ಬರುತ್ತಿತ್ತು ಎಂದು ಜನ ಆಡಿಕೊಂಡಿದ್ದರು. ಒಂದು ದಿನ ವಿದ್ಯುತ್ತು ಒಮ್ಮೆಲೇ ಏರಿ ಅದರ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಅಂಥದು ಇಲ್ಲಿ ಸಿಗುವುದಿಲ್ಲ, ಹೊರದೇಶದಿಂದ ತರಿಸಲು ಪರವಾನಗಿ ಇಲ್ಲ. ಶರಣವ್ವ ನೀಲಪ್ಪನನ್ನು ಕರೆಸಿ, ಅಷ್ಟೇ ಛಲೋದೊಂದು ಕಟ್ಟಿಕೊಡಲು ಆಗುತ್ತದೆಯೇ ಎಂದು ಕೇಳಿದ್ದರು.

ಮನೆಯಲ್ಲಿ ಹೆಂಡತಿ ಶೇವಂತೆವ್ವನಿಗೂ ಇವನಿಗೂ ಒಂದು ಕರಾರಾಗಿತ್ತು. ನೌಕರಿ ಬಿಟ್ಟು ಇದನ್ನೇ ಕಸುಬು ಮಾಡಿಕೊಳ್ಳಬೇಕೆಂಬುದು ನೀಲಪ್ಪನ ಬಹುದಿನದ ಆಸೆ. ಅವಳು ಬುದ್ಧಿವಂತೆ, ಬೇಡ ಎನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. "ವಿಲಾಯತಿದ್ದು ಮನ್ಯಾಗ ಇಟಗೊಂಡು ಕೇಳಿದಾಕಿ ಆ ಅವ್ವ. ಆಕಿ ಬಾಯಿಲೆ ಅದಕ್ಕ ಇದು ಸಮ ಅಂತ ಬರಲಿ, ನಾನ ನೌಕರಿ ಬಿಡು ಅಂತೇನಿ. ಬರಲಿಲ್ಲಾ, ರಜಾ ಮುಗದ ದಿನಾ ಸುಮ್ನ ಹಾಜರಾಗಬೇಕು. ಮತ್ತ ಈ ಮಾತ ಎತ್ತಬಾರದು," ಎಂದಿದ್ದಳು. ಒಬ್ಬ ಹೆಣ್ಣುಮಗಳ ಅಭಿಪ್ರಾಯದ ಮೇಲೆ ಒಂದು ಸಂಸಾರ ನಿಂತಿತು. ನಾನು ಗೊಣಗುತ್ತಲೇ ಕಾಗದಕ್ಕೆ ಸಹಿ ಹಾಕಿದೆ. ಮುಂದಿನ ವರ್ಷ ಜೂನ್ ಒಂದು, ಸೋಮವಾರ, ಅವನು ಹಾಜರಾಗಬೇಕಾದ ದಿನ.

ಸೆಟ್ ಫೆಬ್ರುವರಿಗೆ ಸಿದ್ಧವಾಯಿತು. ಟ್ರಾನ್ಸ್‌ಫಾರ್ಮರ್, ವಾಲ್ವು, ಸ್ಪೀಕರು ಎಲ್ಲವೂ ಪರದೇಶದ್ದು. ಮುಂಬೈಯ ಹಳೆ ಸಾಮಾನಿನ ಅಂಗಡಿಗಳನ್ನು ಜಾಲಾಡಿ ಹುಡುಕಿ ತಂದಿದ್ದ. ಅದನ್ನು ಶರಣವ್ವನವರಿಗೆ ಕೊಟ್ಟು, ಎಂದಿನಂತೆ ಒಂದು ತಿಂಗಳು ಕಾದು, ಮಾರ್ಚಿನಲ್ಲಿ ಧಾರವಾಡಕ್ಕೆ ಹೊರಟ. ಆ ದಿನ ರವಿವಾರ, ನಾನೂ ಅವನ ಜೊತೆಗೆ ಹೋದೆ. ಕುತೂಹಲ, ಮತ್ತೇನಲ್ಲ. ನನ್ನನ್ನು ಒಳಗೆ ಕರೆದು ಕುರ್ಚಿ ಕೊಟ್ಟರು. ನೀಲಪ್ಪ ಕಟ್ಟೆಯ ಮೇಲೆ ಕುಳಿತ.

"ಅವ್ವಾರ, ಏನ ಕಮ್ಮಿ ಐತ್ರಿ?" ಎಂದು ಅಲ್ಲಿಂದಲೇ ಕೇಳಿದ.

ಶರಣವ್ವನವರಿಗೆ ಐವತ್ತೈದು ದಾಟಿತ್ತು. ಎತ್ತರದ ಹೆಂಗಸು, ಹಣೆಯ ಮೇಲೆ ವಿಭೂತಿ, ಮಾತು ಕಡಿಮೆ. ಬಾಗಿಲಿನ ಕಡೆ ಮುಖ ಮಾಡಿ ಹೇಳಿದರು: "ಎಲ್ಲಾ ಐತಿ ತಮ್ಮಾ. ಜವಾರಿ ಒಂದಿಲ್ಲ."

ಅಷ್ಟರಲ್ಲಿ ಅವರ ಸೊಸೆ ಮುರಿಗೆವ್ವ ಯಾರೋ ಬೀಗರು ಬಂದರೆಂದು ಕರೆದಳು, ಅವರು ಎದ್ದು ಹೋದರು. ಆ ಮಾತಿನ ಅರ್ಥ ಕೇಳಲು ಇವನಿಗೆ ಸಂಕೋಚ. ಒಳಗೇ ಕುಳಿತಿದ್ದ ನನಗೆ ಕೇಳುವ ಅಗತ್ಯವೇ ಕಾಣಲಿಲ್ಲ. ಜವಾರಿ ಎಂದರೆ ನಮ್ಮ ಕಡೆ ಹಾಲುಗಲ್ಲದ ಕೂಸಿಗೂ ಗೊತ್ತು. ಜವಾರಿ ಬದನೆಕಾಯಿ, ಜವಾರಿ ಕೋಳಿ, ಜವಾರಿ ಆಕಳು; ಈ ನೆಲದ್ದು, ನಾಟಿ, ಹೊರಗಿನದಲ್ಲ. ಹುಬ್ಬಳ್ಳಿಗೆ ಮರಳುವ ರೈಲಿನಲ್ಲಿ ನಾನು ನೀಲಪ್ಪನಿಗೆ ಉದ್ದಕ್ಕೂ ಭಾಷಣ ಮಾಡಿದೆ.

"ಖಾದಿ ಉಟ್ಟ ಮನಿತನ ಅದು. ನೀ ಹೋಗಿ ಹೋಗಿ ಎಲ್ಲಾ ಪರದೇಶದ ಸಾಮಾನ ತುಂಬೀದಿ. ಹಳೇದು ವಿಲಾಯತಿ ಇತ್ತು, ಹೊಸಾದೂ ವಿಲಾಯತಿ ಆದ್ರ ನಿನ್ನ ಕೈಲೆ ಯಾಕ ಮಾಡಸಬೇಕು? ಆಕಿಗೆ ನಮ್ಮ ನೆಲದ್ದು ಬೇಕಾಗೈತಿ. ಇದರಾಗ ತಿಳಿಯೂದೇನೈತಿ?"

ನೀಲಪ್ಪ ನನ್ನ ಮುಖವನ್ನೇ ನೋಡಿದ. "ಧ್ವನಿಗೆ ಜವಾರಿ, ಪರದೇಶಿ ಅಂತ ಇರತೈತೇನ್ರಿ?" ಎಂದ.

"ಇರತೈತಿ," ಎಂದೆ. ನಾನು ಹೆಡ್ ಕ್ಲಾರ್ಕ್ ಅಲ್ಲವೇ, ಗೊತ್ತಿಲ್ಲ ಎಂದರೆ ನಡೆಯುತ್ತದೆಯೇ?

ಮುಂದಿನ ಎರಡು ತಿಂಗಳು ಆ ಮನುಷ್ಯ ಪಟ್ಟ ಪಾಡು ಅಷ್ಟಿಷ್ಟಲ್ಲ. ಸೆಟ್ಟನ್ನು ಹಿಂದಕ್ಕೆ ತರಿಸಿಕೊಂಡು, ಟ್ರಾನ್ಸ್‌ಫಾರ್ಮರ್ ತೆಗೆದು ಹಾಕಿ, ತಾಮ್ರದ ತಂತಿಯನ್ನು ಕೈಯಿಂದ ಒಂದೊಂದೇ ಸುತ್ತು ಎಣಿಸಿ ಹೊಸದನ್ನು ಸುತ್ತಿದ. ಬೆಂಗಳೂರಿನಲ್ಲಿ ತಯಾರಾದ ವಾಲ್ವು, ಈ ದೇಶದ್ದೇ ಸ್ಪೀಕರು ತರಿಸಿದ. ಗೌಸಮೊದ್ದೀನನಿಂದ ದಾಂಡೇಲಿ ಸಾಗವಾನಿಯ ಪೆಟ್ಟಿಗೆ ಮಾಡಿಸಿದ. ತಿರುಗಿಸುವ ಗುಂಡಿಗಳನ್ನು ಕಲಘಟಗಿಯಲ್ಲಿ ತೊಟ್ಟಿಲು ಮಾಡುವವರ ಹತ್ತಿರ ಕಡೆಸಿ, ಕೆಂಪು ಹಸಿರು ಅರಗು ಬಳಿಸಿದ. ಸ್ಪೀಕರಿನ ಮುಂದಿನ ಬಟ್ಟೆ ಕೂಡ ಮುಂಬೈಯದು ಬೇಡವೆಂದು ಶೇವಂತೆವ್ವ ಪಂಚಮಿಗೆಂದು ತೆಗೆದಿಟ್ಟಿದ್ದ ಗುಳೇದಗುಡ್ಡದ ಕುಪ್ಪಸದ ಖಣವನ್ನು ಕೊಟ್ಟಳು. ಕರಾರು ಹಾಕಿದವಳೇ ಅವಳು. ಆದರೂ ಗಂಡ ಗೆಲ್ಲಲಿ ಎಂಬ ಆಸೆ ಅವಳಿಗೂ ಇತ್ತು.

ಮೇ ತಿಂಗಳ ನಡುವೆ ಮತ್ತೆ ಧಾರವಾಡ. ಈ ಸಲವೂ ನಾನಿದ್ದೆ, ನನ್ನ ಬುದ್ಧಿವಂತಿಕೆಯ ಫಲ ನೋಡಬೇಕಲ್ಲ! ಗೌಸಮೊದ್ದೀನ ಪೆಟ್ಟಿಗೆಯನ್ನು ಒಳಗಿಟ್ಟ. ಶರಣವ್ವ ಬಂದು ನೋಡಿದರು. ಸಾಗವಾನಿ ನೋಡಿದರು, ತೊಟ್ಟಿಲ ಬಣ್ಣದ ಗುಂಡಿ ನೋಡಿದರು, ಖಣ ನೋಡಿದರು. ಮುರಿಗೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಏ ತಮ್ಮಾ," ಎಂದರು ಶರಣವ್ವ ಬಾಗಿಲಿಗೆ ಬಂದು, "ಇದಕ್ಕ ಕುಪ್ಪಸ ಯಾಕ ತೊಡಿಸೀದಿ?"

"ನೀವು ಜವಾರಿ ಬೇಕಂದ್ರೆಲ್ರಿ ಅವ್ವಾರ. ಈಗ ಎಲ್ಲಾ ನಮ್ಮ ಕಡೇದ ಐತ್ರಿ. ಪರದೇಶದ್ದು ಒಂದ ಮೊಳಿ ಸೈತ ಇಲ್ಲ."

ಒಂದು ಕ್ಷಣ ಅವರಿಗೆ ತಿಳಿಯಲಿಲ್ಲ. ತಿಳಿದ ಮೇಲೆ ನಕ್ಕರು ನೋಡಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ನೀಲಪ್ಪ ತಲೆ ತಗ್ಗಿಸಿ ಕುಳಿತಿದ್ದ. ಅವನ ಬೆರಳ ತುದಿಗಳು ತಂತಿ ಸುತ್ತಿ ಸುತ್ತಿ ಸೀಳಿದ್ದವು. ಅದನ್ನು ಕಂಡರೋ ಏನೋ, ಅವರ ನಗು ಅಲ್ಲಿಗೇ ನಿಂತಿತು. ಒಳಗೆ ಹೋದರು. ಬರುವಾಗ ಅವರ ಕೈಯಲ್ಲಿ ಮೀರಜಿನ ಒಂದು ತಂಬೂರಿ ಇತ್ತು. ಲಗ್ನಕ್ಕೆ ಮೊದಲು ಅವರು ಹಾಡು ಕಲಿತಿದ್ದರಂತೆ. ದೊಡ್ಡ ಮನೆತನಕ್ಕೆ ಸೊಸೆಯಾಗಿ ಬಂದ ಮೇಲೆ ಹಾಡು ನಿಂತಿತು, ಕೇಳುವುದಷ್ಟೇ ಉಳಿಯಿತು. ಹೊಸ್ತಿಲ ಮೇಲೆ ಕುಳಿತು, ತಂಬೂರಿಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ತಂತಿಗಳು ಕೂರುವ ಕುದುರೆಯ ಮೇಲಿಂದ ನಾಲ್ಕು ದಾರದ ಎಳೆಗಳನ್ನು ಎಳೆದು ಹಾಕಿದರು.

"ಈಗ ಕೇಳು," ಎಂದು ಮೀಟಿದರು. ಟಣ್ ಎಂದು ಬಂದು ಸತ್ತಿತು.

ಆಮೇಲೆ ಒಂದು ಎಳೆಯನ್ನು ತಂತಿಯ ಕೆಳಗೆ ಸೇರಿಸಿ, ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತ ಮತ್ತೆ ಮೀಟಿದರು. ಒಂದು ಜಾಗಕ್ಕೆ ಬಂದದ್ದೇ ತಡ, ಆ ತಂತಿ ಬಾಯಿ ಬಿಟ್ಟಿತು. ಒಂದೇ ಸ್ವರದೊಳಗಿಂದ ಸಣ್ಣ ಸಣ್ಣ ಸ್ವರಗಳು ಝೇಂಕರಿಸುತ್ತ ಹೊರಗೆ ಬಂದವು. ಸಂಗೀತದ ಗಂಧವಿಲ್ಲದ ನನಗೂ ಮೈ ಜುಮ್ಮೆಂದಿತು.

"ಇದಕ್ಕ ಜವಾರಿ ಅಂತಾರ. ಗವಾಯಿಗಳ ಮಾತು ಇದು," ಎಂದರು ಶರಣವ್ವ. "ಸುಟ್ಟು ಹೋದದ್ದರಾಗ ಪ್ಲೇಟ ಹಚ್ಚಿದ ಕೂಡಲೆ, ಹಾಡು ಸುರು ಆಗೂಕಿಂತಾ ಮೊದಲ, ಇದು ಕೇಳತಿತ್ತು. ನಿನ್ನ ಯಂತ್ರದಾಗ ತಂಬೂರಿ ಐತಿ, ಜವಾರಿ ಇಲ್ಲ."

ನನಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನಿಸಿತು. ಒಬ್ಬನ ಎರಡು ತಿಂಗಳ ದುಡಿಮೆಯನ್ನು ನನ್ನ ಒಂದು ಅಹಂಕಾರದ ಮಾತು ತಿಂದಿತ್ತು. ಆದರೆ ನೀಲಪ್ಪ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವನು ಆ ದಾರದ ಎಳೆಯನ್ನೇ ನೋಡುತ್ತಿದ್ದ.

"ಅವ್ವಾರ, ಇನ್ನೊಮ್ಮಿ ಮೀಟ್ರಿ," ಎಂದ. ಅವರು ಮೀಟಿದರು. "ಇನ್ನೊಮ್ಮಿ." ಹಾಗೆ ಎಂಟ್ಹತ್ತು ಸಲ. ಆಮೇಲೆ ಹಣೆ ಚಚ್ಚಿಕೊಂಡ. "ಕೊಂದವ ನಾನ್ರಿ. ಕರಕರ ಬ್ಯಾಡಂತ ಕಂಡೆನ್ಸರ್ ಹಾಕಿದ್ನೆಲ್ಲ, ಅದು ಸಣ್ಣ ಧ್ವನಿ ಎಲ್ಲಾ ನುಂಗತೈತಿ. ಕರಕರದ ಕೂಡ ಇದನ್ನೂ ನುಂಗೈತಿ. ಅದನ್ನ ತಗದ್ರ ಕರಕರ ಬರತೈತಿ ನೋಡ್ರಿ."

"ಬಂದ್ರ ಬರಲಿ. ಹರಳ ಅದಾವಂತ ಯಾರರೆ ಜ್ವಾಳಾ ಚೆಲ್ಲತಾರೇನು?"

"ಬರೇ ತಗದ್ರ ಆಗೂದಿಲ್ರಿ. ಎಷ್ಟ ಬಿಡಬೇಕು, ಎಷ್ಟ ಹಿಡೀಬೇಕು ಅಂತ ಕೇಳಕೋತ ಹೊಂದಸಬೇಕು," ಎಂದ ನೀಲಪ್ಪ. ಆಮೇಲೆ ನೆಲ ನೋಡುತ್ತ, ನಾನು ಅವನ ಬಾಯಿಂದ ಎಂದೂ ಕೇಳದ ಮಾತೊಂದನ್ನು ಹೇಳಿದ: "ಸಣ್ಣ ಧ್ವನಿ ಗ್ವಾಡಿ ದಾಟಿ ಬರೂದಿಲ್ರಿ ಅವ್ವಾರ. ಇಲ್ಲಿ ಕುಂತ್ರ ಅದು ನನಗ ಗೊತ್ತಾಗೂದಿಲ್ಲ."

ಶರಣವ್ವನವರ ಮುಖ ಬಿಗಿಯಿತು. ಮುರಿಗೆವ್ವ ಅತ್ತೆಯ ಕಡೆ ನೋಡಿದಳು. ಅವರು ತಂಬೂರಿ ಎತ್ತಿಕೊಂಡು ಒಳಗೆ ಹೋಗಿಬಿಟ್ಟರು. ನಾವು ಪೆಟ್ಟಿಗೆ ಹೊತ್ತು ಟಾಂಗಾ ಹತ್ತಿದೆವು. ಮುಗಿಯಿತು ಕಥೆ ಎಂದುಕೊಂಡೆ ನಾನು. ರೈಲಿನಲ್ಲಿ ಅವನ ಕ್ಷಮೆ ಕೇಳಿದೆ. "ಬಿಡ್ರಿ ಸಾಹೇಬ್ರ, ನಿಮ್ಮ ದೆಸಿಂದ ಟ್ರಾನ್ಸ್‌ಫಾರ್ಮರ್ ಸುತ್ತೂದ ಕಲತೆ," ಎಂದ. ಅವನು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಮುಂದೆ ನಡೆದದ್ದಕ್ಕೆ ನಾನು ಸಾಕ್ಷಿಯಲ್ಲ. ಪೆಟ್ಟಿಗೆ ಹೊರಲು ಹೋಗಿದ್ದ ಗೌಸಮೊದ್ದೀನ ಎಷ್ಟೋ ದಿನಗಳ ಮೇಲೆ ಹೇಳಿದ್ದು ಇದು. ಅವನು ಸುಳ್ಳು ಸೇರಿಸುವ ಮನುಷ್ಯನಲ್ಲ.

ಮೇ ಮೂವತ್ತೊಂದು, ರವಿವಾರ. ರಜೆಯ ಕೊನೆಯ ದಿನ. ನೀಲಪ್ಪ ಕಂಡೆನ್ಸರ್ ಕಿತ್ತು, ತಿರುಗಿಸಿದಂತೆ ಸಣ್ಣ ಧ್ವನಿ ಹೆಚ್ಚು ಕಡಿಮೆ ಆಗುವ ಒಂದು ಗುಂಡಿ ಕೂಡಿಸಿದ್ದ. ಆದರೆ ಅದನ್ನು ಎಲ್ಲಿಗೆ ನಿಲ್ಲಿಸಬೇಕು ಎಂಬುದು ಆ ಮನೆಯಲ್ಲಿ, ಆ ಪ್ಲೇಟಿನ ಮುಂದೆಯೇ ಆಗಬೇಕು. ಅವರು ಹೋದಾಗ ಶರಣವ್ವ ಬಾಗಿಲಲ್ಲೇ ನಿಂತಿದ್ದರು. ಗೌಸಮೊದ್ದೀನ ಪೆಟ್ಟಿಗೆ ಎತ್ತಲು ಬಗ್ಗಿದ. ನೀಲಪ್ಪ ರೂಢಿಯಂತೆ ಕಟ್ಟೆಯ ಕಡೆ ಹೊರಳಿದ.

"ಅಲ್ಲಿ ಬ್ಯಾಡ. ಒಳಗ ಬಾ," ಎಂದರು ಶರಣವ್ವ.

ನೀಲಪ್ಪ ನಿಂತಲ್ಲೇ ನಿಂತ.

"ಕಲ್ಯಾಣದ ಶರಣರ ಮಾತು ಮುಂಜಾನಿ ಎದ್ದ ಕೂಡಲೆ ಬಾಯಿಲೆ ಅಂತೇನಿ. ಮನಶ್ಯಾನ್ನ ಬಾಗಲಾಗ ಕುಂಡರಿಸ್ತೇನಿ. ಹದಿನೈದು ದಿನಾ ಆತು, ಅನ್ನಾ ಸೇರವಲ್ದು ನನಗ. ಬಾ ಅಂದೆ."

ಒಳಗೆ, ಸ್ಪೀಕರಿನ ಎದುರಿಗೆ, ಗುರುಶಿದ್ದಪ್ಪನವರ ಕಾಲದಿಂದ ಶರಣವ್ವ ಕುಳಿತು ಹಾಡು ಕೇಳುತ್ತಿದ್ದ ಬೆತ್ತದ ಕುರ್ಚಿ ಇತ್ತು. ಅದರಲ್ಲಿ ಅವನನ್ನು ಕುಳ್ಳಿರಿಸಿದರು. ಪ್ಲೇಟು ಹಚ್ಚಲು ಮುರಿಗೆವ್ವನಿಗೆ ಹೇಳಿದರು. ಆಮೇಲೆ ತಾವು ಹೊರಗೆ ಹೋಗಿ ಕಟ್ಟೆಯ ಮೇಲೆ, ಅವನು ಕೂರುತ್ತಿದ್ದ ಜಾಗದಲ್ಲಿ ಕುಳಿತರು. ಓಣಿಯಲ್ಲಿ ಹೋಗುವವರು ನಿಂತು ನೋಡಿದರಂತೆ.

ಪ್ಲೇಟು ತಿರುಗಿತು. ಮೊದಲು ಕರಕರ. ಅದರ ಹಿಂದೆ ತಂಬೂರಿ. ನೀಲಪ್ಪ ಗುಂಡಿಯ ಮೇಲೆ ಬೆರಳಿಟ್ಟು ಅಷ್ಟಷ್ಟೇ ತಿರುಗಿಸಿದ. ಪ್ಲೇಟು ಮುಗಿಯಿತು. ಮತ್ತೆ ಹಚ್ಚಿಸಿದ. ಮೂರನೆಯ ಸಲಕ್ಕೆ ಅವನ ಬೆರಳು ಒಂದು ಕಡೆ ನಿಂತಿತು. "ಆವಾಗ ನೋಡ್ರಿ ಸಾಹೇಬ್ರ, ಮನಿ ತುಂಬ ಝಂಯ್ ಅಂತ ತುಂಬಕೊಂತು. ನಾ ಮೂಲ್ಯಾಗಿನ ತಂಬೂರಿ ನೋಡಿದ್ನಿ, ಅದು ಗವಸಿನ್ಯಾಗ ಇತ್ತು," ಎಂದ ಗೌಸಮೊದ್ದೀನ. ನೀಲಪ್ಪನ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತಂತೆ. ಒರೆಸಿಕೊಳ್ಳಬೇಕೆಂಬ ಎಚ್ಚರವೂ ಅವನಿಗಿರಲಿಲ್ಲ. ಹಾಡು ಮುಗಿದ ಮೇಲೆ ಯಾರನ್ನೂ ನೋಡದೆ, "ಇದನ್ನ ನಾನ ಕಟ್ಟೀನೇನು?" ಎಂದು ತನ್ನಷ್ಟಕ್ಕೆ ತಾನೇ ಕೇಳಿಕೊಂಡನಂತೆ.

ಹೊರಗಿನಿಂದ ಶರಣವ್ವನವರ ಧ್ವನಿ ಬಂತು. "ಇಲ್ಲಿಗೆ ಅರ್ಧ ಹಾಡೂ ಬರೂದಿಲ್ಲಲ್ಲೋ ನೀಲಪ್ಪ! ಇಷ್ಟ ವರ್ಷ ಹೊರಗ ಕುಂತು ಹೆಂಗ ಕಟ್ಟಿದ್ಯೋ?"

ಅವನು ಎದ್ದು ಬಾಗಿಲಿಗೆ ಬಂದ. ನಾಳೆ ಸೋಮವಾರ. ಶೇವಂತೆವ್ವನ ಕರಾರು ತಲೆಯಲ್ಲಿ ಇದ್ದೇ ಇತ್ತು. "ಅವ್ವಾರ, ಒಳಗ ಬಂದು ನೀವೊಮ್ಮಿ ಕೇಳಿ ಹೇಳ್ರಿ. ವಿಲಾಯತಿದಕ್ಕ ಸಮ ಐತೇನ್ರಿ? ಏನ ಕಮ್ಮಿ ಐತ್ರಿ?" ಎಂದ.

"ನನ್ನ ಯಾಕ ಕೇಳತಿ?" ಎಂದರು ಅವರು. "ಕಟ್ಟಿದಾಂವ ನೀ. ಕೇಳಿದಾಂವ ನೀ. ಇನ್ನ ನಾ ಏನ ಹೇಳಲಿ? ನೀ ಹೇಳು ನನಗ."

ಅವನು ಏನು ಹೇಳಿದ ಎಂದು ಗೌಸಮೊದ್ದೀನನನ್ನು ಕೇಳಿದೆ. ಒಳಗೆ ಹೋಗಿ, ಗುಂಡಿ ನಿಂತ ಜಾಗಕ್ಕೆ ಒಂದು ಗೆರೆ ಕೊರೆದನಂತೆ. ಮುರಿಗೆವ್ವ ಚಹಾ ತಂದಳಂತೆ, ನಾಲ್ಕೂ ಕಪ್ಪು ಒಂದೇ ತಟ್ಟೆಯಲ್ಲಿ.

ಆ ಮೇಲೆ ನೀಲಪ್ಪ ಎಷ್ಟು ಸೆಟ್ ಕಟ್ಟಿದ, ಅದಕ್ಕಾಗಿ ಬೆಳಗಾವಿ, ಕೊಲ್ಲಾಪುರದಿಂದ ಜನ ಹೇಗೆ ಹುಡುಕಿಕೊಂಡು ಬಂದರು ಎಂಬುದು ನಮ್ಮ ಕಡೆಯ ಹಾಡು ಕೇಳುವ ಮಂದಿಗೆ ಗೊತ್ತಿದ್ದದ್ದೇ. ಸೆಟ್ ಬೇಕೆಂದು ಬಂದವರಿಗೆ ಅವನದು ಒಂದೇ ಷರತ್ತು: ಅದನ್ನು ಅವರ ಮನೆಯೊಳಗೆ ಕುಳಿತು ತಾನೇ ಹೊಂದಿಸಬೇಕು. ಒಪ್ಪದವರಿಗೆ ಕೈ ಮುಗಿದು ಕಳಿಸುತ್ತಿದ್ದ. ದೊಡ್ಡ ದೊಡ್ಡ ಸಾಹುಕಾರರು ಹಾಗೆ ಹಿಂದಿರುಗಿದ್ದುಂಟು, ಆರು ತಿಂಗಳ ಮೇಲೆ ಮತ್ತೆ ಬಂದದ್ದೂ ಉಂಟು.

ಆದರೆ ಜೂನ್ ಒಂದರ ಬೆಳಿಗ್ಗೆ ನನಗೆ ಇದಾವುದೂ ಗೊತ್ತಿರಲಿಲ್ಲ. ಹತ್ತು ಗಂಟೆಗೆ ಸರಿಯಾಗಿ ನೀಲಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಹಾಜರಾಗಲು ಬಂದ ಎಂದುಕೊಂಡು ಹಾಜರಿ ಪುಸ್ತಕವನ್ನು ಅವನ ಕಡೆ ಸರಿಸಿದೆ. ಒಳಗೊಳಗೆ ಸಂಕಟವಾಗುತ್ತಿತ್ತು, ನನ್ನ ತಪ್ಪಿನಿಂದಲೇ ಅವನ ಆಸೆ ಮಣ್ಣುಪಾಲಾಯಿತಲ್ಲ ಎಂದು. ಅವನು ಪುಸ್ತಕ ಮುಟ್ಟಲಿಲ್ಲ. ಒಂದು ಕಾಗದ ಇಟ್ಟ. ರಾಜೀನಾಮೆ. ಅಕ್ಷರ ಅವನದಲ್ಲ.

"ಯಾರ ಬರದದ್ದು ಇದು?"

"ಶೇವಂತೆವ್ವರಿ."

ನನಗೆ ನಂಬಿಕೆ ಬರಲಿಲ್ಲ. "ಹಂಗಾರ ಶರಣವ್ವನವರು ಅಂದ್ರೇನು, ವಿಲಾಯತಿದಕ್ಕ ಸಮ ಐತಿ ಅಂತ?"

"ಇಲ್ರಿ. ಅವರೇನೂ ಅನ್ನಲಿಲ್ಲ."

"ಮತ್ತ ಮಹಾಂತಯ್ಯನವರು? ದ್ಯಾಮಣ್ಣ?"

"ಅವರಿಗೆ ತೋರಿಸಿಲ್ರಿ."

ನನಗೆ ಸಿಟ್ಟೇ ಬಂತು. ಸರ್ಕಾರಿ ನೌಕರಿ, ಎರಡು ಹೆಣ್ಣುಮಕ್ಕಳು, ವರ್ಷದಿಂದ ಸಂಬಳವಿಲ್ಲ, ಇವನಿಗೇನು ಬುದ್ಧಿ ಇದೆಯೇ ಇಲ್ಲವೇ? "ಯಾರೂ ಒಂದ ಮಾತು ಅಂದಿಲ್ಲ. ಯಾರ ಅಭಿಪ್ರಾಯದ ಮ್ಯಾಲ ನೌಕರಿ ಬಿಡಾಕತ್ತೀಯೋ ಮಾರಾಯಾ?" ಎಂದು ಕೂಗಿದೆ. ಆಫೀಸಿನವರೆಲ್ಲ ತಲೆಯೆತ್ತಿ ನೋಡಿದರು.

ನೀಲಪ್ಪ ನೆಟ್ಟಗೆ ನಿಂತು ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ.

"ನಾನ ಕೇಳೇನ್ರಿ ಸಾಹೇಬ್ರ. ಒಳಗ ಕುಂತು."